ನಲವತ್ತೊಂದನೇ ಸೆಕೆಂಡಿನ ಮೀನು

ಬೆರಳುದ್ದದ ಒಂದು ಮೀನಿನಿಂದಾಗಿ ಗುರುವಾಯನಕೆರೆಯ ನನ್ನ ಜೆರಾಕ್ಸ್ ಅಂಗಡಿ ಎರಡು ವಾರ ನ್ಯಾಯಾಲಯವಾಗಿತ್ತೆಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಆದರೆ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದವರೂ "ಸುಬ್ಬಯ್ಯಣ್ಣ, ಆ ಮೀನಿನದ್ದು ಬಣ್ಣದ ಪ್ರಿಂಟ್ ಉಂಟಾ? ಒಮ್ಮೆ ನೋಡುವ" ಎನ್ನತೊಡಗಿದರೆ ಎಂಥವನಿಗೂ ತಲೆ ಕೆಡುತ್ತದೆ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಹೇಳಿ ಕೈತೊಳೆದುಕೊಳ್ಳುತ್ತೇನೆ. ಆಮೇಲೆ ಯಾರೂ ನನ್ನನ್ನು ಕೇಳಬಾರದು.

ನನ್ನ ಅಂಗಡಿಗೆ ತಾಗಿಕೊಂಡೇ ಚಂದ್ರರಾಜಣ್ಣನ ಪೈಂಟ್ ಅಂಗಡಿ. ಜೈನರು, ಸಾಧು ಮನುಷ್ಯ, ಇರುವೆ ಸಾಲು ಕಂಡರೆ ದಾಟದೆ ಸುತ್ತು ಹಾಕಿ ಹೋಗುವವರು. ಇರುವ ದೋಷ ಒಂದೇ. ಯಾವ ಪ್ರಶ್ನೆ ಕೇಳಿದರೂ 'ಗೊತ್ತಿಲ್ಲ' ಎಂಬ ಉತ್ತರ ಅವರ ಬಾಯಿಗೆ ಬರುವುದಿಲ್ಲ. ಚಾರ್ಮಾಡಿಯಲ್ಲಿ ಬಸ್ಸು ಕೆಟ್ಟು ನಿಂತರೆ ಇಲ್ಲಿ ಸ್ಟೂಲಿನ ಮೇಲೆ ಕೂತು ಯಾವ ಭಾಗ ಹಾಳಾಗಿದೆಯೆಂದು ಹೇಳುತ್ತಾರೆ. ಕೇಳಿದವರ ಮನಸ್ಸು ನೋಯಬಾರದೆಂಬ ದಯೆಯಿಂದಲೇ ಹಾಗೆ ಮಾಡುತ್ತಾರೋ ಏನೋ, ಇಪ್ಪತ್ತು ವರ್ಷ ಪಕ್ಕದಲ್ಲಿದ್ದರೂ ನನಗೆ ತಿಳಿದಿಲ್ಲ.

ಪೈಂಟ್ ಕಂಪೆನಿಯೊಂದು ಒಳ್ಳೆಯ ವ್ಯಾಪಾರ ಮಾಡಿದ ಅಂಗಡಿಯವರನ್ನು ಅಂಡಮಾನಿಗೆ ಪ್ರವಾಸ ಕಳಿಸಿತು. ಚಂದ್ರರಾಜಣ್ಣನಿಗೆ ಮೂರು ಸೀಟು ಸಿಕ್ಕಿತು. ಮಗ ಸಮ್ಯಕ್‌ಗೆ ಮೂಡುಬಿದಿರೆಯಲ್ಲಿ ಪರೀಕ್ಷೆ ಇದ್ದದ್ದರಿಂದ ಗಂಡಹೆಂಡತಿಯ ಜತೆಗೆ ಮೂರನೆಯವನಾಗಿ ನಾನು ಹೋದೆ. ಗ್ರಹಚಾರ ಕೆಟ್ಟವನಿಗೆ ವಿಮಾನದಲ್ಲೂ ಕಿಟಕಿಯ ಸೀಟೇ ಸಿಗುತ್ತದೆ.

ಅಲ್ಲಿನ ಒಂದು ದ್ವೀಪದಲ್ಲಿ ನೀರಿನ ಸ್ಕೂಟರ್ ಎಂಬ ವಸ್ತು ಉಂಟು. ಹೆಸರು ಸ್ಕೂಟರ್, ಚಕ್ರವಿಲ್ಲ. ಎರಡು ಹಿಡಿಕೆ, ನಡುವೆ ಒಂದು ಫ್ಯಾನು. ಕಣ್ಣಿಗೆ ಕನ್ನಡಕ, ಬಾಯಿಗೆ ಉಸಿರಾಡುವ ಕೊಳವೆ ಹಾಕಿಕೊಂಡು ಹಿಡಿಕೆ ಹಿಡಿದರೆ ಅದು ನಮ್ಮನ್ನು ನೀರಿನೊಳಗೆ ಎಳೆದುಕೊಂಡು ಹೋಗುತ್ತದೆ. ಜತೆಗೆ ದಾರಿ ತೋರಿಸುವ ಒಬ್ಬ ಹುಡುಗ. ಅವನ ಹೆಸರು ಅಝೀಮ್, ಊರು ಬಂಟ್ವಾಳ. ಭೂಮಿಯ ಯಾವ ತುದಿಗೆ ಹೋದರೂ ನಮ್ಮ ಜಿಲ್ಲೆಯವನೊಬ್ಬ ಮೊದಲೇ ಹೋಗಿ ಕೂತಿರುತ್ತಾನೆ.

ಚಂದ್ರರಾಜಣ್ಣ ಮೈಗಂಟುವ ಕಪ್ಪು ರಬ್ಬರ್ ಬಟ್ಟೆ ತೊಟ್ಟು, ದೋಣಿಯ ಏಣಿಯ ಮೇಲೆ ಒಂದು ಕಾಲಿಟ್ಟರು. ನೀರನ್ನು ನೋಡಿದರು. ಕಾಲು ತೆಗೆದರು.

"ಸ್ವಲ್ಪ ಸೆಳೆತ ಉಂಟು ಮಾರಾಯ, ಮೀನಖಂಡದಲ್ಲಿ" ಎಂದರು.

ನಾನು ಆಗಲೇ ದೋಣಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮುಖ ಹಾಕಿ ಕೂತಿದ್ದೆ. ಅಝೀಮ್ ನಮ್ಮಿಬ್ಬರನ್ನೂ ನೋಡಿ ಸ್ಕೂಟರನ್ನು ಬದಿಗಿಡುವುದರಲ್ಲಿದ್ದ. ಆಗ ಮನೋರಮಕ್ಕ ಎದ್ದರು. "ಇಷ್ಟು ದೂರ ಬಂದು ನೀರು ಮುಟ್ಟದೆ ಹೋಗುವುದಾ? ನನಗೆ ಆಗುವ ಬಟ್ಟೆ ಉಂಟಾ ತಮ್ಮಾ?" ಎಂದು ಕೇಳಿದರು. ಬಟ್ಟೆ ಇತ್ತು. ಮನೋರಮಕ್ಕ ಇಳಿದರು. ಇಪ್ಪತ್ತು ನಿಮಿಷ ಕಳೆದು ಮೇಲೆ ಬಂದಾಗ ಅವರಿಗೆ ಮಾತು ಬರುತ್ತಿರಲಿಲ್ಲ, ಅಷ್ಟು ಖುಷಿ. ದಡ ಸೇರುವವರೆಗೂ ಒದ್ದೆ ಕೂದಲಲ್ಲಿ ಒಬ್ಬರೇ ನಗುತ್ತಾ ಕೂತಿದ್ದರು.

ಅಝೀಮ್ ಕೆಳಗೆ ತೆಗೆದ ಒಂದೂವರೆ ನಿಮಿಷದ ವಿಡಿಯೋವನ್ನು ಚಂದ್ರರಾಜಣ್ಣನ ಫೋನಿಗೆ ಕಳಿಸಿದ. ತಲೆಯಿಂದ ಪಾದದವರೆಗೆ ಕಪ್ಪು ಬಟ್ಟೆ, ಮುಖದ ತುಂಬ ಕನ್ನಡಕ, ಬಾಯಲ್ಲಿ ಕೊಳವೆ. ಒಳಗಿರುವುದು ಗಂಡಸೋ ಹೆಂಗಸೋ, ಹೆತ್ತ ತಾಯಿಗೂ ಗುರುತು ಸಿಗುವ ಹಾಗಿರಲಿಲ್ಲ. ಚಂದ್ರರಾಜಣ್ಣ ಅದನ್ನು 'ಆಳ ಸಮುದ್ರದಲ್ಲಿ ಒಂದು ಸವಾರಿ' ಎಂದು ಬರೆದು ಸ್ಟೇಟಸ್ಸಿಗೆ ಹಾಕಿದರು. ಸವಾರಿ ಯಾರದ್ದೆಂದು ಬರೆಯಲಿಲ್ಲ. "ಭಾರೀ ಧೈರ್ಯ ಚಂದ್ರರಾಜಣ್ಣ" ಎಂದು ಊರಿನಿಂದ ನಲವತ್ತು ಮಂದಿ ಬರೆದರು. ಇವರು ಒಬ್ಬೊಬ್ಬರಿಗೂ ಕೈಮುಗಿಯುವ ಚಿತ್ರ ಕಳಿಸಿದರು. ಸುಳ್ಳು ಬಾಯಿಂದಲೇ ಹುಟ್ಟಬೇಕೆಂದಿಲ್ಲ. ಇದು ಹೆಬ್ಬೆರಳಿನಿಂದ ಹುಟ್ಟಿತು.

ಮಂಗಳೂರಿನಲ್ಲಿ ವಿಮಾನ ಇಳಿಯುವಾಗ ನನ್ನ ಕಿವಿಯ ಹತ್ತಿರ ಬಂದು, "ಸುಬ್ಬಯ್ಯ, ದೋಣಿಯ ವಿಷಯ ಊರಲ್ಲಿ ಬೇಡ ಆಯ್ತಾ?" ಎಂದರು. ನಾನು ಮನೋರಮಕ್ಕನ ಮುಖ ನೋಡಿದೆ.

"ನನಗೇನು, ನೋಡುವುದನ್ನು ನೋಡಿ ಆಯ್ತು" ಎಂದರು ಮನೋರಮಕ್ಕ. "ಆ ಬಟ್ಟೆ ಹಾಕಿದ್ದು ಸುನಂದಕ್ಕನಿಗೆ ಗೊತ್ತಾದರೆ ಆರು ತಿಂಗಳು ಅದೇ ಮಾತಾಗ್ತದೆ. ಬೇಡವೇ ಬೇಡ."

ಸುನಂದಕ್ಕ ಎಂದರೆ ಚಂದ್ರರಾಜಣ್ಣನ ಅಕ್ಕ. ಮೂಡುಬಿದಿರೆಯಲ್ಲಿದ್ದುಕೊಂಡೇ ಇಲ್ಲಿನ ಅಡಿಗೆಮನೆಯಲ್ಲಿ ಬೇಳೆ ಬೆಂದಿದೆಯೋ ಇಲ್ಲವೋ ಎಂದು ತಿಳಿಯುವ ಶಕ್ತಿ ಅವರಿಗುಂಟು. ನಾನು ಆಯಿತೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ತಲೆಗೆ ನಾನೇ ಎಷ್ಟೋ ಸಲ ಹೊಡೆದುಕೊಂಡಿದ್ದೇನೆ.

ಮೊದಲ ಒಂದು ವಾರ ಎಲ್ಲ ಸುಖವಾಗಿತ್ತು. ಲಾಯಿಲದ ಕಡೆಯ ಒಂದು ಶಾಲೆಯವರು ಕರೆಸಿ ಮಕ್ಕಳಿಗೆ ಧೈರ್ಯದ ಬಗ್ಗೆ ಎರಡು ಮಾತು ಹೇಳಿಸಿದರು. ಎರಡು ಮಾತು ಐವತ್ತು ನಿಮಿಷ ನಡೆಯಿತು. ಅದರಲ್ಲಿ ಒಂದು ಆಮೆ ಬಂತು, ಆಮೆಯನ್ನು ಓವರ್‌ಟೇಕ್ ಮಾಡಿದ್ದೂ ಬಂತು. ಶಾಲು ಹೊದ್ದು ಬಂದ ಚಂದ್ರರಾಜಣ್ಣ ಸಂಜೆಯವರೆಗೂ ಆ ಶಾಲನ್ನು ತೆಗೆಯದೆ ಪೈಂಟ್ ಮಾರಿದರು.

ಎಂಟನೇ ದಿನ ಬೆಳಿಗ್ಗೆ ಸುನಂದಕ್ಕ ಮೊಮ್ಮಗಳು ತ್ರಿಶಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ನಾನು ಏನೋ ಬಿಲ್ಲು ಕೊಡಲು ಚಂದ್ರರಾಜಣ್ಣನ ಮನೆಗೆ ಹೋದವನು ಜಗಲಿಯಲ್ಲೇ ಸಿಕ್ಕಿಬಿದ್ದೆ. ತ್ರಿಶಾ ಫೋನು ತೆಗೆದು ವಿಡಿಯೋವನ್ನು ನಿಧಾನ ಮಾಡಿ ತೋರಿಸಿದಳು. ನಲವತ್ತೊಂದನೇ ಸೆಕೆಂಡಿನಲ್ಲಿ ಹಳದಿ ಪಟ್ಟೆಯ ಒಂದು ಸಣ್ಣ ಮೀನು ಬಾಯಿಯ ನೇರಕ್ಕೆ ಬರುತ್ತದೆ. ನಲವತ್ತೆರಡರಲ್ಲಿ ಬರೀ ಗುಳ್ಳೆ. ನಲವತ್ತಮೂರರಲ್ಲಿ ಮೀನು ಇಲ್ಲ.

"ಚಂದ್ರ, ಈ ಮೀನು ಎಲ್ಲಿಗೆ ಹೋಯ್ತು?" ಎಂದು ಸುನಂದಕ್ಕ ಕೇಳಿದರು.

"ಅದರ ಮನೆಗೆ ಹೋಗಿರ್ತದೆ ಅಕ್ಕ."

"ಬರುವುದು ಕಾಣ್ತದೆ. ಹೋಗುವುದು ಕಾಣುವುದಿಲ್ಲ."

"ಬಾಯಲ್ಲಿ ಪೈಪು ಉಂಟಲ್ಲ. ಪೈಪು ಇರುವಾಗ ಮೀನಿಗೆ ಜಾಗ ಎಲ್ಲಿ?"

ಅಷ್ಟಕ್ಕೆ ನಿಲ್ಲಿಸಿದ್ದರೆ ಗೆದ್ದಿದ್ದರು. ಸುನಂದಕ್ಕನೂ ಹೌದಲ್ಲ ಎಂದು ಒಮ್ಮೆ ತಲೆ ತೂಗಿದರು. ಆಮೇಲೆ ಸುಮ್ಮನೆ, ಮಾತಿಗೆ, "ನೀರು ಒಳಗೆ ಹೋಗ್ತದಾ ಮತ್ತೆ?" ಎಂದರು.

ಇಲ್ಲವೆನ್ನಬೇಕಿತ್ತು. ನೀರಿಗೇ ಇಳಿಯದವನಿಗೆ ಇಲ್ಲವೆನ್ನಲು ಏನು ಕಷ್ಟ? ಆದರೆ ಶಾಲು ಹೊದ್ದ ಮೇಲೆ ಮನುಷ್ಯ ಇಲ್ಲವೆನ್ನುವುದಿಲ್ಲ. "ಹೋಗದೆ ಇರ್ತದಾ ಅಕ್ಕ? ಎರಡು ಗುಟುಕು ಹೋಯ್ತು. ಎಂಥಾ ಉಪ್ಪು ಅಂತೀ" ಎಂದರು ಚಂದ್ರರಾಜಣ್ಣ.

"ಗಾಳಿಸದ ನೀರು?"

"ಸಮುದ್ರವನ್ನು ಗಾಳಿಸುವುದು ಹೇಗೆ ಅಕ್ಕ?"

ಸುನಂದಕ್ಕ ಲೋಟ ಕೆಳಗಿಟ್ಟರು. ಬಟ್ಟೆಯಲ್ಲಿ ಗಾಳಿಸದ ನೀರು ಆ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರ ಗಂಟಲಿಗೂ ಇಳಿದಿಲ್ಲ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಗಾಳಿಸುವವರು, ಕಣ್ಣಿಗೆ ಕಾಣುವ ಹಳದಿ ಪಟ್ಟೆಯ ಜೀವವನ್ನು ಬಿಡುತ್ತಾರೆಯೇ? "ನೀರು ಹೋದ ದಾರಿಯಲ್ಲಿ ಮೀನಿಗೇನು ಅಡ್ಡಿ?" ಎಂದರು ಸುನಂದಕ್ಕ. ಅಡಿಗೆಮನೆಯಲ್ಲಿ ದೋಸೆಯ ಸಟ್ಟುಗದ ಸದ್ದು ನಿಂತುಹೋಯಿತು.

ನಿಲ್ಲಲು ಕಾರಣವಿತ್ತು. ಅವರ ಊರಿನ ಬಸದಿಯಲ್ಲಿ ವಾರ್ಷಿಕ ಪೂಜೆಯ ದಿನ ಬಾವಿಯಿಂದ ಮೊದಲ ನೀರನ್ನು ಕಲಶದಲ್ಲಿ ಮೆರವಣಿಗೆಯಾಗಿ ತರುತ್ತಾರೆ. ಅಗ್ರೋದಕ ಎನ್ನುತ್ತಾರೆ. ಮನೆಯ ಯಜಮಾನ ನೀರು ಸೇದಿ ಗಾಳಿಸಿ ತುಂಬಬೇಕು, ಯಜಮಾನಿ ತಲೆಯ ಮೇಲೆ ಹೊರಬೇಕು. ಜೀವಹಿಂಸೆಯ ದೋಷ ತಟ್ಟಿದ ಮನೆಗೆ ಕಲಶವಿಲ್ಲ. ಹನ್ನೊಂದು ಮನೆಗಳಿಗೆ ಸರದಿ, ಹನ್ನೊಂದು ವರ್ಷಕ್ಕೊಮ್ಮೆ. ಹೋದ ಸರದಿಯ ಹೊತ್ತಿಗೆ ಸರಿಯಾಗಿ ಮನೋರಮಕ್ಕನ ಅತ್ತೆ ತೀರಿಕೊಂಡು ಸೂತಕ ಬಂದು ಕಲಶ ಬೇರೆ ಮನೆಗೆ ಹೋಗಿತ್ತು. ಮನೋರಮಕ್ಕ ಆ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಇಪ್ಪತ್ತೊಂದು ವರ್ಷವೂ ಬೇರೆಯವರು ಹೊರುವ ಕಲಶದ ಹಿಂದೆ ನಡೆದವರು. ಈ ಸಲ ಸರದಿ ಬಂದಿತ್ತು, ಇನ್ನು ಹದಿನೈದೇ ದಿನ.

ಸುದ್ದಿ ಬಸದಿಯ ಸಮಿತಿಗೆ ಮುಟ್ಟಿತು. ಸಮಿತಿಯ ಮುಖ್ಯಸ್ಥರು ಶಾಂತಿರಾಜ ಅರಿಗರು, ನಿವೃತ್ತ ಸಬ್‌ರಿಜಿಸ್ಟ್ರಾರ್. ಸಹಿಯಿಲ್ಲದ ಕಾಗದವನ್ನು ಅವರು ಕಾಗದವೆಂದೇ ಒಪ್ಪುವುದಿಲ್ಲ. ನೇರ ನನ್ನ ಅಂಗಡಿಗೆ ಬಂದು ನಲವತ್ತೊಂದು, ನಲವತ್ತೆರಡು, ನಲವತ್ತಮೂರನೇ ಸೆಕೆಂಡಿನ ಬಣ್ಣದ ಪ್ರಿಂಟ್ ಮೂರು ಮೂರು ಪ್ರತಿ ತೆಗೆಸಿ, ಪ್ರತಿಯೊಂದರ ಹಿಂದೆ ನನ್ನ ಸಹಿ ಹಾಕಿಸಿದರು. ಆಮೇಲೆ ಸ್ಟೂಲು ಎಳೆದು ಕೂತು ಪೆನ್ನು ಬಿಚ್ಚಿದರು.

"ಸುಬ್ಬಯ್ಯನವರೇ, ನೀವು ಮೀನು ತಿನ್ನುವವರು."

"ಹೌದು."

"ಈ ಗಾತ್ರದ್ದು ಅಗಿಯದೆ ಒಳಗೆ ಹೋಗ್ತದಾ?"

"ನಾನು ಹುರಿದದ್ದನ್ನು ತಿನ್ನುವುದು ಅರಿಗರೇ, ಈಜುತ್ತಾ ಇರುವುದನ್ನಲ್ಲ."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ದೋಣಿಯಲ್ಲಿದ್ದವರು ನೀವು. ನೀವು ಕಂಡದ್ದೇನು?"

"ಪ್ಲಾಸ್ಟಿಕ್ ಚೀಲದ ಒಳಭಾಗ."

'ಸಾಕ್ಷಿ ಏನನ್ನೂ ಕಂಡಿರುವುದಿಲ್ಲ' ಎಂದು ಅರಿಗರು ಬರೆದುಕೊಂಡರು. ಅತ್ತ ದರಿ, ಇತ್ತ ಪುಲಿ. ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಮುಗಿಸಬಹುದಿತ್ತು. ಆದರೆ ಆ ವಾಕ್ಯ ಹೇಳಿದರೆ ಮೀನು ಗಂಡನ ಬಾಯಿಂದ ಹಾರಿ ಹೆಂಡತಿಯ ಬಾಯಿಗೆ ಬೀಳುತ್ತಿತ್ತು. ಕಲಶ ಹೊರಬೇಕಾದ ತಲೆ ಅವರದ್ದು.

ಅರಿಗರು ಹೋದ ಮೇಲೆ ನಾನು ಪೈಂಟ್ ಅಂಗಡಿಗೆ ನುಗ್ಗಿ ಚಂದ್ರರಾಜಣ್ಣನನ್ನು ಚೆನ್ನಾಗಿ ಬೈದೆ. "ನೀರು ಕುಡಿದೆ ಅಂತ ಹೇಳಲಿಕ್ಕೆ ನಿಮಗೆ ಯಾರು ಹೇಳಿದ್ದು? ಈಗಲಾದರೂ ನಾನು ಇಳಿದೇ ಇಲ್ಲ ಅಂತ ಹೇಳಿ."

"ಹೇಳಬಹುದು ಮಾರಾಯ. ಆದರೆ ಅವಳ ಮೇಲೆ ಬರ್ತದಲ್ಲ. ಅವಳಿಗೋಸ್ಕರ ನಾನು ಸಹಿಸಿಕೊಂಡಿದ್ದೇನೆ."

ಹೆದರಿಕೆಗೆ ತ್ಯಾಗದ ಅಂಗಿ ತೊಡಿಸಿ ಕೂರಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಬಂದು ಒಳ್ಳೆಯ ಹತ್ತು ಹಾಳೆ ಕಾಗದ ಸುಮ್ಮನೆ ಹರಿದು ಹಾಕಿದೆ.

ಮರುದಿನ ಅರಿಗರಿಗೆ ಮೀನಿನ ಜಾತಿ ತಿಳಿಯಬೇಕೆನಿಸಿತು. ನಮ್ಮಲ್ಲಿ ಮೀನಿನ ವಿಷಯಕ್ಕೆ ಮೂಸಾಕನೇ ಕೊನೆಯ ಮಾತು. ಮೂವತ್ತು ವರ್ಷದಿಂದ ಐಸ್ ಪೆಟ್ಟಿಗೆ ಕಟ್ಟಿದ ಗಾಡಿಯಲ್ಲಿ ಮೀನು ಮಾರುವವರು. ಆದರೆ ಅರಿಗರಿಗೆ ಮೀನಿನ ವಾಸನೆ ಆಗುವುದಿಲ್ಲ. ಆದ್ದರಿಂದ ಅರಿಗರು ರಸ್ತೆಯ ಈಚೆ ನನ್ನ ಅಂಗಡಿಯಲ್ಲಿ, ಮೂಸಾಕ ರಸ್ತೆಯ ಆಚೆ ತಮ್ಮ ಗಾಡಿಯ ಹತ್ತಿರ. ನಡುವೆ ಮೂಡುಬಿದಿರೆಯ ಬಸ್ಸು, ಮಂಗಳೂರಿನ ಬಸ್ಸು, ಮತ್ತು ಪ್ರಿಂಟ್ ಹಿಡಿದ ನಾನು.

ಮೂಸಾಕ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದು ತಿನ್ನುವ ಮೀನೇ ಅಲ್ಲ ಸುಬ್ಬಯ್ಯಣ್ಣ. ಬೆಕ್ಕಿಗೆ ಹಾಕಿದರೆ ಬೆಕ್ಕು ನನ್ನ ಮುಖ ನೋಡ್ತದೆ."

ನಾನು ರಸ್ತೆ ದಾಟಿ ಬಂದು ಹೇಳಿದೆ.

"ತಿನ್ನುವ ಮೀನಲ್ಲ ಅಂದರೆ ತಿಂದದ್ದು ಇನ್ನೂ ದೊಡ್ಡ ತಪ್ಪಲ್ಲವಾ?" ಎಂದರು ಅರಿಗರು. "ಕೇಳಿಕೊಂಡು ಬನ್ನಿ."

ನಾನು ಮತ್ತೆ ದಾಟಿದೆ. ಒಂದು ರಿಕ್ಷಾದವನು ನನ್ನ ವಂಶವನ್ನೆಲ್ಲ ಬೈದು ಹೋದ. ಮೂಸಾಕ ಪ್ರಶ್ನೆ ಕೇಳಿ ನಕ್ಕರು. "ಇದಕ್ಕೆ ಇಷ್ಟು ಯಾಕೆ? ಅಂಡಮಾನಿನಲ್ಲಿ ಇದನ್ನು ತೆಗೆದದ್ದು ನನ್ನ ತಂಗಿಯ ಮಗ ಅಝೀಮ್ ಅಲ್ಲವಾ? ನನಗೂ ಕಳಿಸಿದ್ದ. ಅವನನ್ನೇ ಕೇಳುವ."

ಈ ಮಾತನ್ನು ನಾನು ದಾಟಿಸುವವನಲ್ಲ. ಆದರೆ ಮೂಸಾಕನ ಗಂಟಲು ಬೀದಿ ಬೀದಿಯಲ್ಲಿ ಮೀನು ಕೂಗಿ ಪಳಗಿದ್ದು. ಅರಿಗರಿಗೆ ಆಚೆಯಿಂದಲೇ ಕೇಳಿಸಿತ್ತು.

ಭಾನುವಾರ ಬಸದಿಯ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಅರಿಗರು ಫೈಲು ಹಿಡಿದು ನಡುವೆ ಕೂತರು. ಒಂದು ಬದಿಗೆ ಸುನಂದಕ್ಕ, ತ್ರಿಶಾ, ಮನೋರಮಕ್ಕ. ಮುಂದಿನ ಸರದಿಯ ಮನೆಯ ಅರಿಹಂತ ದುಃಖದ ಮುಖ ಮಾಡಿಕೊಂಡು, ಹೊಸ ರೇಷ್ಮೆ ಪಂಚೆ ಉಟ್ಟು ಬಂದಿದ್ದ. ಮೂಸಾಕ ಗೇಟಿನ ಹೊರಗೆ ಫೋನು ಹಿಡಿದು ನಿಂತಿದ್ದರು. ಸ್ನಾನ ಮಾಡಿ ಅತ್ತರು ಬೇರೆ ಹಾಕಿಕೊಂಡಿದ್ದರು, ಪಾಪ.

ಅರಿಗರು ಓದಿದರು. "ಗಾಳಿಸದ ನೀರು ಹೋಗಿರುವುದು ಚಂದ್ರರಾಜರ ಸ್ವಂತ ಹೇಳಿಕೆ. ಮೀನಿನ ವಿಷಯ ಆ ಹುಡುಗ ಹೇಳ್ತಾನೆ. ಹೌದೆಂದಾದರೆ ಚಂದ್ರರಾಜರು ಪ್ರಾಯಶ್ಚಿತ್ತ ಮಾಡ್ಲಿ. ಈ ಸಲದ ಕಲಶ ಅರಿಹಂತನ ಮನೆಗೆ. ಇವರಿಗೆ ಇನ್ನು ಹನ್ನೊಂದು ವರ್ಷದ ನಂತರ."

ಅರಿಹಂತ ಪಂಚೆಯ ಅಂಚು ಸರಿಮಾಡಿಕೊಂಡ. ಶಾಲೆಯವರು ಕೊಟ್ಟ ಶಾಲನ್ನೇ ಹೊದ್ದು ಬಂದಿದ್ದ ಚಂದ್ರರಾಜಣ್ಣ ನೆಲ ನೋಡುತ್ತಿದ್ದರು. ಮೂಸಾಕನ ಫೋನಿನಲ್ಲಿ ರಿಂಗ್ ಆಗುವುದು ಒಳಗಿನವರಿಗೂ ಕೇಳುತ್ತಿತ್ತು. ನೆಟ್‌ವರ್ಕ್ ಹೋಗಲಿ ದೇವರೇ ಎಂದು ನಾನು ಬೇಡಿಕೊಂಡೆ. ಬೇಡದ ದಿನವೇ ಅದು ಸರಿಯಾಗಿರುತ್ತದೆ.

ಮನೋರಮಕ್ಕ ಎದ್ದು ನಿಂತರು.

"ನೀರಿಗೆ ಇಳಿದದ್ದು ನಾನು" ಎಂದರು.

ಸುನಂದಕ್ಕ ಮೊದಲು ಅವರನ್ನು ನೋಡಿದರು, ಆಮೇಲೆ ಪ್ರಿಂಟನ್ನು, ಪುನಃ ಅವರನ್ನು. "ನೀನಾ? ಆ ಬಟ್ಟೆ ಹಾಕಿಕೊಂಡಾ?"

"ಹೌದು ಅಕ್ಕ. ಆ ಬಟ್ಟೆ ಹಾಕಿಕೊಂಡೇ."

"ಹಾಗಾದರೆ ಚಂದ್ರ?"

"ದೋಣಿಯಲ್ಲಿ."

ಸಭೆಯಲ್ಲಿ ಯಾರೂ ನಗಲಿಲ್ಲ, ಅಷ್ಟು ಮಟ್ಟಿಗೆ ಸಂಸ್ಕಾರವಂತರು. ಅರಿಗರು ಬರೆದದ್ದನ್ನೆಲ್ಲ ಒಂದು ಗೆರೆ ಎಳೆದು ಹೊಡೆದು, ಹೊಸ ಹಾಳೆ ತೆಗೆದರು. "ಮತ್ತೆ ಮೀನು? ನೀರು? ಎರಡು ಗುಟುಕು, ಉಪ್ಪು?"

"ಉಪ್ಪು ಹೇಳಿದ್ದು ಅವರು, ಅವರನ್ನೇ ಕೇಳಿ" ಎಂದರು ಮನೋರಮಕ್ಕ. "ಬಾಯಿ ಸಡಿಲ ಬಿಟ್ಟರೆ ನೀರು ಹೋಗ್ತದೆ ಅಂತ ಆ ಹುಡುಗ ಮೊದಲೇ ಹೇಳಿದ್ದ. ಹಲ್ಲು ನೋಯುವಷ್ಟು ಕಚ್ಚಿ ಹಿಡಿದಿದ್ದೆ. ಒಂದು ಹನಿ ಹೋಗಲಿಲ್ಲ ಅರಿಗರೇ. ಮೀನು ಕನ್ನಡಕದ ಹತ್ತಿರ ಬಂತು, ನನ್ನನ್ನು ನೋಡಿತು, ನನ್ನ ಎಡಕ್ಕೆ ಹೋಯಿತು. ಅದಕ್ಕೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಇಷ್ಟು ದಿನ ಸುಮ್ಮನಿದ್ದದ್ದು ನನ್ನ ತಪ್ಪು. ಮನೆಯ ಮರ್ಯಾದೆ ಅಂತ ಸುಮ್ಮನಿದ್ದೆ. ಹನ್ನೊಂದು ವರ್ಷ ಅಂದಾಗ ಸುಮ್ಮನಿರಲಿಕ್ಕೆ ಆಗಲಿಲ್ಲ."

ಅಷ್ಟರಲ್ಲಿ ಹೊರಗೆ ಫೋನು ಎತ್ತಿದ ಸದ್ದಾಯಿತು. ವಿಡಿಯೋದ ಮೀನು ಏನಾಯ್ತೆಂದು ಮೂಸಾಕ ಕೇಳಿದರು. ಅಝೀಮನ ಧ್ವನಿ ಸ್ಪೀಕರಿನಲ್ಲಿ ಬಸದಿಯ ಕಂಬಗಳಿಗೆಲ್ಲ ಕೇಳುವ ಹಾಗೆ ಬಂತು. "ಆ ಅಕ್ಕನದ್ದಾ ಮಾಮ? ಪೂರ್ತಿ ವಿಡಿಯೋ ಉಂಟು, ಕಳಿಸ್ತೇನೆ. ಮೀನು ಎಡಗಡೆಯಿಂದ ಹೋಯ್ತಲ್ಲ, ಕೊನೆಯಲ್ಲಿ ಕಾಣ್ತದೆ. ಮೊದಲ ಸಲಕ್ಕೆ ಅಷ್ಟು ಚಂದ ಹೋದವರು ಕಡಿಮೆ. ಮತ್ತೆ ಆ ಸಾರ್ ಹೇಗಿದ್ದಾರೆ, ಏಣಿ ಇಳಿಯುವುದೇ ಇಲ್ಲ ಅಂತ ಕೂತವರು?"

ಆ ಸಾರ್ ಶಾಲಿನೊಳಗೆ ಸಣ್ಣಗಾಗಿದ್ದರು.

ವಿಡಿಯೋ ಬಂತು, ಮೀನು ಜೀವಂತ ಹೊರಟದ್ದು ಕಂಡಿತು. ಅರಿಗರು ಕನ್ನಡಕ ತೆಗೆದು ಒರೆಸಿದರು. "ಹಿಂಸೆ ಆಗಿಲ್ಲ. ಆದರೆ ಇಷ್ಟು ದಿನ ಸುಳ್ಳು ನಡೆದಿದೆ. ಅಹಿಂಸೆಯ ಹಾಗೆ ಸತ್ಯವೂ ವ್ರತವೇ. ಕಲಶ ಈ ಮನೆಯದ್ದೇ. ನೀರು ಸೇದುವ ಮೊದಲು ಚಂದ್ರರಾಜರು ಬಾವಿಕಟ್ಟೆಯ ಹತ್ತಿರ ನಿಂತು ನಡೆದದ್ದನ್ನು ಎಲ್ಲರ ಎದುರು ಹೇಳಬೇಕು. ಹೇಳದೆ ಹಗ್ಗ ಮುಟ್ಟುವ ಹಾಗಿಲ್ಲ."

ಪೂಜೆಯ ದಿನ ಬಾವಿಯ ಸುತ್ತ ಇನ್ನೂರು ಜನ. ಮುಹೂರ್ತ ಒಂಬತ್ತು ನಲವತ್ತಕ್ಕೆ ಮುಗಿಯುತ್ತಿತ್ತು. ಒಂಬತ್ತೂ ಕಾಲಿಗೆ ಚಂದ್ರರಾಜಣ್ಣ ಶುರು ಮಾಡಿದರು.

"ಆತ್ಮೀಯರೇ, ನಾವು ಬೆಳಿಗ್ಗೆ ಐದಕ್ಕೆ ಗುರುವಾಯನಕೆರೆ ಬಿಟ್ಟೆವು."

ಒಂಬತ್ತು ಇಪ್ಪತ್ತೈದಕ್ಕೆ ಅವರಿನ್ನೂ ವಿಮಾನದಲ್ಲಿ ಕೊಟ್ಟ ಉಪ್ಪಿಟ್ಟಿನಲ್ಲಿದ್ದರು. ಒಂ‌ಬತ್ತೂವರೆಗೆ ದ್ವೀಪ ತಲುಪಿ ಅಲ್ಲಿನ ಮರಳಿನ ಬಣ್ಣ ಯಾವ ನಂಬರಿನ ಪೈಂಟಿಗೆ ಹತ್ತಿರವೆಂದು ಹೇಳತೊಡಗಿದರು. ಪುರೋಹಿತರು ವಾಚು ನೋಡಿದರು, ಅರಿಗರು ಪುರೋಹಿತರನ್ನು ನೋಡಿದರು. ಅರಿಹಂತ ಆ ರೇಷ್ಮೆ ಪಂಚೆಯಲ್ಲೇ ಬಂದು ಎರಡನೇ ಸಾಲಿನಲ್ಲಿ ತಯಾರಾಗಿ ನಿಂತಿದ್ದ. ಮನೋರಮಕ್ಕ ಖಾಲಿ ಕಲಶವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು.

"ಏಣಿಯ ಬಗ್ಗೆ ಹೇಳುವುದಾದರೆ, ಅದು ಸ್ಟೀಲಿನದ್ದು" ಎಂದರು ಚಂದ್ರರಾಜಣ್ಣ.

"ನೋಡಿ" ಎಂದರು ಮನೋರಮಕ್ಕ. "ನೀವು ದೋಣಿಯಲ್ಲಿದ್ದಿರಿ. ಅಷ್ಟು ಹೇಳಿ ಹಗ್ಗ ಹಿಡಿಯಿರಿ. ನನಗೆ ಹೊರಲಿಕ್ಕುಂಟು."

ಚಂದ್ರರಾಜಣ್ಣ ಹೆಂಡತಿಯ ಮುಖ ನೋಡಿದರು.

"ನಾನು ದೋಣಿಯಲ್ಲಿದ್ದೆ" ಎಂದರು. "ನನಗೆ ಹೆದರಿಕೆ ಆಯ್ತು. ಇಳಿದದ್ದು ಇವಳು."

ಒಂಬತ್ತು ಮೂವತ್ತೇಳು. ಹಗ್ಗ ಇಳಿಯಿತು, ಕೊಡ ಏರಿತು. ಬಿಳಿಯ ಬಟ್ಟೆಯಲ್ಲಿ ನೀರನ್ನು ಅವರು ಅಷ್ಟು ನಿಧಾನವಾಗಿ, ಅಷ್ಟು ಭಕ್ತಿಯಿಂದ ಗಾಳಿಸಿದ್ದನ್ನು ನಾನು ನೋಡಿರಲಿಲ್ಲ. ಕಲಶ ತುಂಬಿ ತಲೆಯ ಮೇಲೆ ಬಂದಾಗ ಮನೋರಮಕ್ಕನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ವಾಲಗ ಶುರುವಾಯಿತು, ನಾವೆಲ್ಲ ಹೊರಟೆವು.

ಕಲಶ ಹೊತ್ತವರು ಬಸದಿ ಮುಟ್ಟುವವರೆಗೆ ಮಾತಾಡಬಾರದೆಂಬುದು ಅಲ್ಲಿನ ನಿಯಮ. ಅರ್ಧ ದಾರಿಯಲ್ಲಿ ಸುನಂದಕ್ಕ ಮೆಲ್ಲ ಮುಂದೆ ಬಂದು ತಮ್ಮನ ಹೆಂಡತಿಯ ಪಕ್ಕ ನಡೆಯತೊಡಗಿದರು. ಆಮೇಲೆ ಯಾರಿಗೂ ಕೇಳದ ಹಾಗೆ ಸಣ್ಣ ದನಿಯಲ್ಲಿ, "ಅಲ್ಲ ಮನೋರಮಾ, ಅಲ್ಲಿ ಕೆಳಗೆ ಏನೆಲ್ಲ ಕಾಣ್ತದೆ?" ಎಂದು ಕೇಳಿದರು.

ಮನೋರಮಕ್ಕ ಮಾತಾಡುವ ಹಾಗಿರಲಿಲ್ಲ. ಮುಗುಳ್ನಕ್ಕು ಮುಂದೆ ನಡೆದರು.

ಆಚೆ ಪಕ್ಕದಲ್ಲಿದ್ದ ಚಂದ್ರರಾಜಣ್ಣ ಗಂಟಲು ಸರಿಮಾಡಿಕೊಂಡು, "ಅಕ್ಕ, ಅಲ್ಲಿ ಕೆಳಗೆ…" ಎಂದು ಬಾಯಿ ತೆರೆದರು.

ನಾನು ಅವರ ಕಾಲು ತುಳಿದೆ.